ಹಾರ್ನ್ ಆಗದ ಶುಕ್ರವಾರ

ಲೆಯೊನ್ಸ್ ಗಾಸ್ಪಾರನ ಬಗ್ಗೆ ಬರೆಯುವ ಹಕ್ಕು ಊರಿನಲ್ಲಿ ಯಾರಿಗಿದ್ದರೂ ನನಗಂತೂ ಇಲ್ಲ. ಆದರೂ ಬರೆಯುತ್ತಿದ್ದೇನೆ. ಅವನ ಕತೆ ಪೂರ್ತಿ ಗೊತ್ತಿದ್ದವರು ಹತ್ತೊಂಬತ್ತು ವರ್ಷ ಇಬ್ಬರೇ, ನಾನು ಮತ್ತು ನನ್ನ ಗಂಡ ಕ್ಲೋವಿಸ್. ಕ್ಲೋವಿಸ್ ಡ್ರಮ್ಸ್ ಬಾರಿಸುವವನು. ಅವನ ಕೈಗೆ ಪೆನ್ನು ಕೊಟ್ಟರೆ ಅದರಲ್ಲೇ ಮೇಜು ಬಡಿಯುತ್ತಾನೆ, ಬರೆಯುವುದಿಲ್ಲ. ಹಾಗಾಗಿ ನಾನೇ ಬರೆಯಬೇಕು.

ಲೆಯೊನ್ಸ್ ಉದ್ದನೆಯ ಆಳು. ಸ್ವಲ್ಪ ಬಾಗಿ ನಡೆಯುತ್ತಾನೆ, ಎಂಥ ಸೆಕೆಯಲ್ಲೂ ಅಂಗಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಳ್ಳುತ್ತಾನೆ. ಭತ್ತ ಒಣಗಿಸುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ದುಡಿದು ಎದೆ ತುಂಬ ದೂಳು ತುಂಬಿಸಿಕೊಂಡ. ಮಾತು ಕಡಿಮೆ, ಆಡಿದರೂ ನಮ್ಮ ಹಿರಿಯರ ಫ್ರೆಂಚಿನಲ್ಲೇ ಅರ್ಧ. ಅವನ ಹೆಂಡತಿ ಒಲೀತ್ ಬದುಕಿದ್ದಾಗ ನಗುತ್ತ ಹೇಳುತ್ತಿದ್ದಳು: ಮದುವೆಯಾದ ವಾರ ಈ ಗಂಡಸು ಮೂಗನೇನೋ ಎಂದು ಹೆದರಿಕೆಯಾಗಿತ್ತಂತೆ, ಶನಿವಾರ ಅವನು ಪಿಟೀಲು ಕೈಗೆತ್ತಿಕೊಂಡ ಮೇಲೆ ಸಮಾಧಾನವಾಯಿತಂತೆ.

ನಮ್ಮ 'ಲೆವಿ ರೋಡ್ ಬಾಯ್ಸ್' ಬ್ಯಾಂಡ್ ಶುರುವಾದದ್ದು ಐವತ್ತೆಂಟರಲ್ಲಿ, ಮೂರೇ ಜನರಿಂದ. ಅರ್ವಿನ್ ಫೋಂಟನೋ ಅಕಾರ್ಡಿಯನ್, ಲೆಯೊನ್ಸ್ ಪಿಟೀಲು, ಅರ್ವಿನನ ಚಿಕ್ಕಪ್ಪ ಯೂಲಿಸ್‌ನದು ಹುಲ್ಲು ಬಾಚುವ ಯಂತ್ರದ ಹಲ್ಲು ಬಗ್ಗಿಸಿ ಮಾಡಿದ, ತಾಳ ಬಡಿಯುವ ತ್ರಿಕೋನದ ಕಂಬಿ. ಅರ್ವಿನನ ಅಕಾರ್ಡಿಯನ್ ಕಟ್ಟಿದ್ದೇ ಒಂದು ತಗ್ಗಿನ ಶ್ರುತಿಗೆ. ಅದಕ್ಕೆ ಹೊಂದಲೆಂದು ಲೆಯೊನ್ಸ್ ನಾಲ್ಕೂ ತಂತಿಗಳನ್ನು ಕೆಳಗಿಳಿಸಿಕೊಳ್ಳುತ್ತಿದ್ದ. ಹಾಗೆ ಇಳಿಸಿದ ಪಿಟೀಲಿಗೆ ಅತ್ತು ಮುಗಿಸಿದವರ ಗಂಟಲಿನಂಥ ದನಿ ಬರುತ್ತದೆ. ಹಿಲ್ಡಾ ಎಂಬಾಕೆ ನಡೆಸುತ್ತಿದ್ದ ಕುಣಿತದ ಹಾಲಿನಲ್ಲಿ ಅವನು ವಾಲ್ಟ್ಸ್ ಎತ್ತಿಕೊಂಡರೆ ಜಗಳವಾಡಿಕೊಂಡು ಬಂದ ಗಂಡಹೆಂಡಿರೂ ಎದ್ದು ಕುಣಿಯುತ್ತಿದ್ದರು. ನಾನೂ ಕ್ಲೋವಿಸ್ಸೂ ಹಾಗೆ ಎಷ್ಟೋ ಸಲ ಕುಣಿದಿದ್ದೇವೆ.

ಅರವತ್ತನಾಲ್ಕರಲ್ಲಿ ಅರ್ವಿನನಿಗೆ ಡ್ರಮ್ಸ್ ಬೇಕೆನಿಸಿತು. ಕುಣಿಯುವವರು ರೇಡಿಯೋ ಕೇಳಿ ಕೇಳಿ ಗಟ್ಟಿ ತಾಳಕ್ಕೆ ಒಗ್ಗಿಹೋಗಿದ್ದರು. ಕ್ಲೋವಿಸ್ ಸೇರಿದ. ಡ್ರಮ್ಸ್ ಬಂದ ಮೇಲೆ ತ್ರಿಕೋನದ ಸದ್ದು ಯಾರಿಗೆ ಕೇಳೀತು? ಆದರೆ ಅರ್ವಿನ್ ಎಂಥವನೆಂದರೆ ಹಂದಿ ಕೊಯ್ಯುವ ದಿನ ಕೊಟ್ಟಿಗೆಯ ಹಿಂದೆ ಹೋಗಿ ಅಳುವವನು. ಸ್ವಂತ ಚಿಕ್ಕಪ್ಪನಿಗೆ ನೀನು ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಮುಂದಿನ ಶುಕ್ರವಾರ, ಬ್ಯಾಂಡಿನವರನ್ನು ಮನೆಮನೆಯಿಂದ ಹತ್ತಿಸಿಕೊಳ್ಳುವ ವ್ಯಾನು ಯೂಲಿಸ್‌ನ ಮನೆ ಮುಂದೆ ನಿಲ್ಲದೆ ಹೋಯಿತು, ಅಷ್ಟೇ. ಯೂಲಿಸ್ ಅರ್ಥ ಮಾಡಿಕೊಂಡ. ಭಾನುವಾರ ಚರ್ಚಿನಲ್ಲಿ ಎಂದಿನಂತೆ ಅರ್ವಿನನ ಕೈ ಕುಲುಕಿದ, ಒಂದು ಮಾತೂ ಕೇಳಲಿಲ್ಲ.

ಅಂದಿನಿಂದ ಅದೇ ಕಟ್ಟಳೆಯಾಯಿತು. ವ್ಯಾನು ಮನೆ ಮುಂದೆ ನಿಂತು ಎರಡು ಸಲ ಹಾರ್ನ್ ಹೊಡೆದರೆ ನೀನು ಬ್ಯಾಂಡಿನಲ್ಲಿದ್ದೀಯ. ನಿಲ್ಲದೆ ಹೋದರೆ ಇಲ್ಲ. ಯಾಕೆ ಎಂದು ಕೇಳಬಾರದು; ಕೇಳಿದವನು ಭಿಕ್ಷೆಗೆ ಕೈಯೊಡ್ಡಿದ ಹಾಗೆ. ಆಮೇಲೆ ಸೇರಿದ ಸ್ಟೀಲ್ ಗಿಟಾರಿನವನು ಹಾಗೆಯೇ ಹೋದ, ಮೊದಲ ಬೇಸ್ ಗಿಟಾರಿನವನೂ ಹಾಗೆಯೇ. ಶಾಲೆಯ ಬಸ್ಸು ಓಡಿಸುತ್ತಿದ್ದವನಾದ್ದರಿಂದ ವ್ಯಾನೂ ಕ್ಲೋವಿಸ್‌ನ ಪಾಲಿಗೇ ಬಂದಿತ್ತು. ಯಾರದಾದರೂ ಮನೆ ದಾಟಿಹೋದ ವಾರವೆಲ್ಲ ಅವನಿಗೆ ಅನ್ನ ಸೇರುತ್ತಿರಲಿಲ್ಲ. ನಾನು ಮಾತ್ರ ಒಳಗೊಳಗೆ ಬೀಗುತ್ತಿದ್ದೆ. ವ್ಯಾನು ನಿಲ್ಲುವುದೇ ನಮ್ಮ ಅಂಗಳದಲ್ಲಿ, ಅದು ನಮ್ಮನ್ನು ಹೇಗೆ ದಾಟಿಹೋದೀತು?

ಬ್ಯಾಂಡಿನ ಅರ್ಧ ಜನ ಸಮುದ್ರದ ಎಣ್ಣೆಬಾವಿಗಳಲ್ಲಿ ಕೆಲಸಕ್ಕಿದ್ದರು. ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ಹಾಗಾಗಿ ಪ್ರತಿ ಗುರುವಾರ ಸಂಜೆ ಅರ್ವಿನ್ ಫೋನು ಮಾಡಿ, ಈ ಸಲ ಯಾರ್ಯಾರನ್ನು ಕರೆತರಬೇಕು ಎಂದು ದಾರಿಯ ಕ್ರಮದಲ್ಲಿ ಹೆಸರು ಹೇಳುತ್ತಿದ್ದ. ಕ್ಲೋವಿಸ್ ಆ ಹೊತ್ತಿಗೆ ಬಸ್ಸು ತೊಳೆಯಲು ಹೋಗಿರುತ್ತಿದ್ದ. ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಳ್ಳುವುದು ನನ್ನ ಕೆಲಸ.

ಎಪ್ಪತ್ತೊಂಬತ್ತರ ಅಕ್ಟೋಬರಿನ ಆ ಗುರುವಾರ ವರ್ಷದ ಮೊದಲ ಚಳಿಗಾಳಿ ಬೀಸಿತ್ತು. ಮೊದಲ ಚಳಿಗೆ ಗಂಬೋ ಎಂಬ ಗಟ್ಟಿ ಸಾರು ಮಾಡದಿದ್ದರೆ ನಮ್ಮ ಕಡೆ ಹೆಂಗಸರನ್ನು ಆಡಿಕೊಳ್ಳುತ್ತಾರೆ. ನಾನು ಎಣ್ಣೆಯಲ್ಲಿ ಹಿಟ್ಟು ಹುರಿಯುತ್ತಿದ್ದೆ. ಅದನ್ನು ಮುಕ್ಕಾಲು ಗಂಟೆ ಬಿಡದೆ ಕೈಯಾಡಿಸಬೇಕು. ಕ್ಷಣ ಬಿಟ್ಟರೂ ತಳ ಹತ್ತಿ ಎಲ್ಲವನ್ನೂ ಹೊರಗೆ ಸುರಿಯಬೇಕಾಗುತ್ತದೆ. ಹಾಳಾದ ಫೋನು ಆಗಲೇ ಹೊಡೆದುಕೊಂಡಿತು. ಕಿವಿ ಮತ್ತು ಭುಜದ ನಡುವೆ ಅದನ್ನು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪೆನ್ಸಿಲು. ಅರ್ವಿನ್ ಮೊದಲು ಲೆಯೊನ್ಸ್ ಎಂದ. ಎಂದಿನಂತೆ ಮೊದಲು ಲೆಯೊನ್ಸ್, ಗೊತ್ತಿದ್ದದ್ದೇ ಅಂದುಕೊಂಡೆ. ಅಷ್ಟರಲ್ಲಿ ಬಾಣಲೆಯ ಅಂಚಿನಲ್ಲಿ ಹೊಗೆ ಕಂಡಿತು, ತಿರುಗಿ ಗಸಗಸ ಕೈಯಾಡಿಸಿದೆ. ಕ್ಯಾಲೆಂಡರಿನ ಕಡೆ ತಿರುಗಿದಾಗ ಅವನು ಎರಡನೆಯ ಹೆಸರಿಗೆ ಬಂದಿದ್ದ. ಅಲ್ಲಿಂದ ಬರೆದೆ.

ಇಷ್ಟೇ ನಡೆದದ್ದು. ಗಂಬೋ ಚೆನ್ನಾಗಿಯೇ ಆಗಿತ್ತು, ಅದೊಂದು ಕೇಡು.

ಶುಕ್ರವಾರ ಕ್ಲೋವಿಸ್ ಪಟ್ಟಿಯಲ್ಲಿ ಲೆಯೊನ್ಸನ ಹೆಸರಿಲ್ಲದ್ದು ನೋಡಿ ನಿಂತುಬಿಟ್ಟ. ಇದು ಸರಿಯಾ ಎಂದು ಕೇಳಿದ. ಅವನು ಹೇಳಿದ್ದನ್ನು ಬರೆದಿದ್ದೇನೆ, ಅನುಮಾನವಿದ್ದರೆ ನಿನ್ನ ಅರ್ವಿನನನ್ನೇ ಕೇಳು ಎಂದು ರೇಗಿದೆ. ಕೇಳುವ ಹಾಗಿಲ್ಲವೆಂದು ನನಗೂ ಗೊತ್ತಿತ್ತು. ಆ ಬೇಸಿಗೆ ಕಾರ್ಖಾನೆಯ ಬೆಲ್ಟಿಗೆ ಸಿಕ್ಕಿ ಲೆಯೊನ್ಸನ ಎಡಗೈಯ ಕಿರುಬೆರಳು ಸೆಟೆದುಕೊಂಡಿತ್ತು. ಮೂರೇ ಬೆರಳಿನಲ್ಲಿ ನುಡಿಸುವುದನ್ನು ಅವನು ಹೊಸದಾಗಿ ಕಲಿಯುತ್ತಿದ್ದ. ಹಿಂದಿನ ವಾರ ಒಂದು ವಾಲ್ಟ್ಸಿನಲ್ಲಿ ತಪ್ಪಿದಾಗ ಅರ್ವಿನ್ ತಿರುಗಿ ನೋಡಿದ್ದನಂತೆ. ಇದೇ ಕಾರಣವಿರಬೇಕೆಂದು ಕ್ಲೋವಿಸ್ ತನಗೆ ತಾನೇ ಹೇಳಿಕೊಂಡ. ಲೆಯೊನ್ಸನ ಮನೆ ಮೊದಲನೆಯದು, ವ್ಯಾನಿನಲ್ಲಿ ಆಗ ಬೇರೆ ಯಾರೂ ಇರುವುದಿಲ್ಲ. ಅಂಚೆಪೆಟ್ಟಿಗೆಯ ಪಕ್ಕ ಪಿಟೀಲಿನ ಪೆಟ್ಟಿಗೆ ಹಿಡಿದು ನಿಂತಿದ್ದ ಗೆಳೆಯನ ಮುಂದೆ ಅವನು ವ್ಯಾನು ನಿಲ್ಲಿಸದೆ ಹೋದ. ಕನ್ನಡಿಯಲ್ಲೂ ನೋಡಲಿಲ್ಲವಂತೆ.

ಕುಣಿತದ ಹಾಲಿನಲ್ಲಿ ಅರ್ವಿನ್ ಲೆಯೊನ್ಸ್ ಎಲ್ಲಿ ಎಂದು ಕೇಳಿದ. ನಾನು ಎಡವಿದ್ದೇನೆಂದು ಆ ಗಳಿಗೆಯಲ್ಲೇ ಕ್ಲೋವಿಸ್‌ಗೆ ತಿಳಿಯಿತು. ಕುಣಿತ ಶುರುವಾಗಲು ಹತ್ತೇ ನಿಮಿಷವಿತ್ತು. ಹಾರ್ನ್ ಹೊಡೆದೆ, ಅವನು ಹೊರಗೆ ಬರಲಿಲ್ಲ ಎಂದುಬಿಟ್ಟ. ಬೆಳಗ್ಗೆ ಹೋಗಿ ಸರಿಮಾಡೋಣ ಎಂಬ ಲೆಕ್ಕ.

ಪಿಟೀಲಿಲ್ಲದೆ ಏನು ಮಾಡುವುದು? ಡ್ವೇನ್ ಎಂಬ ಹೊಸಬ ಹಿಂದೆ ನಿಂತು ಮೆಲ್ಲಗೆ ಗಿಟಾರ್ ಮೀಟುತ್ತಿದ್ದ. ಪಿಟೀಲಿನ ಪಾಲನ್ನೆಲ್ಲ ನೀನೇ ನುಡಿಸು ಎಂದು ಅರ್ವಿನ್ ಅವನನ್ನು ಮುಂದಕ್ಕೆ ತಳ್ಳಿದ. ಡ್ವೇನ್ ತಂತಿ ಇಳಿಸಲಿಲ್ಲ, ದನಿಯನ್ನೂ ಇಳಿಸಲಿಲ್ಲ. ಅವನ ವೇಗಕ್ಕೆ ಕ್ಲೋವಿಸ್ ಜೋರಾಗಿ ಬಾರಿಸಬೇಕಾಯಿತು, ಅರ್ವಿನ್ ಕೂಗಿ ಹಾಡಬೇಕಾಯಿತು. ಹಿಲ್ಡಾ ಹಾಲಿನ ನೆಲ ತುಂಬಿಹೋಯಿತು. ಕಿಟಕಿಯ ಹೊರಗೆ ಬಿಯರ್ ಕುಡಿಯುತ್ತ ನಿಲ್ಲುತ್ತಿದ್ದ ಎಳೆಯರೆಲ್ಲ ಒಳಗೆ ನುಗ್ಗಿದರು. ಹಿಲ್ಡಾ ಅಲ್ಲೇ ನಾಲ್ಕು ವಾರಕ್ಕೆ ಬ್ಯಾಂಡನ್ನು ಗೊತ್ತುಮಾಡಿಕೊಂಡಳು. ಲೆಯೊನ್ಸ್ ಬಾರದೆ ನಮಗೆ ಉಪಕಾರವನ್ನೇ ಮಾಡಿದ ಎಂದನಂತೆ ಅರ್ವಿನ್. ಹಾಗೆ ಅಂದವನ ಕಣ್ಣಲ್ಲಿ ನೀರೂ ಇತ್ತಂತೆ. ಇಪ್ಪತ್ತೊಂದು ವರ್ಷದ ಜೊತೆಗಾರ ಹೇಳದೆ ಕೇಳದೆ ಕೈಬಿಟ್ಟನಲ್ಲ ಎಂದು.

ಶನಿವಾರ ಬೆಳಗ್ಗೆ ಕ್ಲೋವಿಸ್ ಬಾಯಿಬಿಟ್ಟಾಗ ನನಗೆ ಎಲ್ಲ ನೆನಪಾಯಿತು, ಅರ್ವಿನ್ ಹೆಸರು ಹೇಳಿದ ದನಿಯ ಸಮೇತ. ಈಗಲೇ ಹೋಗಿ ಹೇಳುತ್ತೇನೆಂದು ಅವನು ಟೋಪಿ ಎತ್ತಿಕೊಂಡ. ತಡೆದವಳು ನಾನು. ನಾಲ್ಕು ವಾರದ ಕುಣಿತ ಗೊತ್ತುಮಾಡಿಯಾಗಿದೆ, ಈಗ ಹೇಳಿದರೆ ಎಲ್ಲರೂ ನನ್ನ ಮುಖಕ್ಕೆ ಉಗಿಯುತ್ತಾರೆ, ಮುಂದಿನ ವಾರ ನೋಡೋಣ ಎಂದೆ. ಭಾನುವಾರ ಪೂಜೆ ಮುಗಿಸಿ ಲೆಯೊನ್ಸ್ ತಾನೇ ನಮ್ಮ ಅಡುಗೆಮನೆಗೆ ಬಂದು ಕೂತ. ಕ್ಲೋವಿಸ್ ಬಾಯಿ ತೆರೆಯುವ ಮುಂಚೆಯೇ ಹೇಳಿದ: "ನಿಂಗೆ ಹೇಳಿದ್ದನ್ನ ನೀನು ಮಾಡ್ದೆ. ನಿನ್ನ ಮೇಲೆ ನಂಗೇನೂ ಇಲ್ಲ." ನನ್ನ ಕಡೆ ತಿರುಗಿ ಕಾಫಿ ಇದೆಯಾ ಶಾ ಎಂದ. ನಮ್ಮ ಕಡೆ ಅಕ್ಕರೆಯವರನ್ನು ಹಾಗೆ ಕರೆಯುತ್ತಾರೆ. ನಾನು ಎದ್ದು ಲೋಟ ತುಂಬ ಬಗ್ಗಿಸಿ ಕೊಟ್ಟೆ.

ಆ ಮೇಲೆ ಹತ್ತೊಂಬತ್ತು ವರ್ಷ, ಪ್ರತಿ ಭಾನುವಾರ, ಅದೇ ಕುರ್ಚಿ. ಮುಂದಿನ ವಾರ ಎನ್ನುವುದು ಮುಂದಿನ ವರ್ಷವಾಯಿತು. ಅರ್ವಿನನಿಗೂ ಲೆಯೊನ್ಸನಿಗೂ ಮಾತೇ ನಿಂತಿತು. ಅವನು ಕೈಬಿಟ್ಟ ಎಂದು ಇವನು, ಇವನು ಕೈಬಿಟ್ಟ ಎಂದು ಅವನು. ಒಂದೇ ಚರ್ಚಿನಲ್ಲಿ ಎಡಕ್ಕೊಬ್ಬ ಬಲಕ್ಕೊಬ್ಬ ಕೂರುತ್ತಿದ್ದರು. ಇಬ್ಬರೂ ಹೊರಬಾಗಿಲಲ್ಲಿ ಹತ್ತಿರ ಬಂದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಬ್ಯಾಂಡ್ ಬೆಳೆಯಿತು. ಡ್ವೇನನ ಗಿಟಾರ್ ಮುಂದೆ ಬಂದಿತು, ಹಾಡುಗಳಲ್ಲಿ ಅರ್ಧ ಇಂಗ್ಲಿಷ್ ಸೇರಿತು. ಎಂಬತ್ತೈದರಲ್ಲಿ ಸ್ಯಾಕ್ಸೊಫೋನ್, ಆಮೇಲೆ ಆರ್ಗನ್. ಸ್ಯಾಕ್ಸೊಫೋನಿನವನ ಮನೆಯನ್ನೂ ವ್ಯಾನು ಒಂದು ದಿನ ದಾಟಿತು. ಎರಡು ರೆಕಾರ್ಡು ಬಂದವು. ಉತ್ತರದ ನಗರಗಳಿಂದ ಉತ್ಸವಗಳಿಗೆ ಕರೆದರು. ತನ್ನ ಬೇರನ್ನು ಬಿಟ್ಟುಕೊಡದ ರಾಕ್ ಸಂಗೀತ ಎಂದು ಹೊಗಳಿದರು. ಯಾವುದೋ ದೊಡ್ಡೂರಿನ ಪತ್ರಿಕೆಯವನು ಬಂದು, ಪಿಟೀಲನ್ನು ಕೈಬಿಟ್ಟದ್ದು ಅರ್ವಿನ್ ಫೋಂಟನೋ ಅವರ ದಿಟ್ಟ ನಿರ್ಧಾರ ಎಂದು ಅರ್ಧ ಪುಟ ಬರೆದ. ದಿಟ್ಟತನವಂತೆ. ಅದು ನನ್ನ ಸೌಟಿನ ದಿಟ್ಟತನ ಎಂದು ಕೂಗಬೇಕೆನಿಸಿತು. ಪತ್ರಿಕೆಯನ್ನು ಮಡಿಚಿ ಒಲೆಗೆ ಹಾಕಿದೆ.

ಲೆಯೊನ್ಸ್ ಮತ್ತೆ ಪಿಟೀಲು ಮುಟ್ಟಲಿಲ್ಲ. ನಾನು ನುಂಗಲಾರದ ಮಾತು ಇದು. ಮನೆಯಲ್ಲೂ ಮುಟ್ಟಲಿಲ್ಲ. ಮಗಳು ಈವೆಟ್‌ಳ ಮದುವೆಯಲ್ಲಿ, ಅಪ್ಪ ಒಂದೇ ಒಂದು ವಾಲ್ಟ್ಸ್ ನುಡಿಸು ಎಂದು ಆ ಹುಡುಗಿ ಎಲ್ಲರೆದುರು ಬೇಡಿಕೊಂಡಳು. ಅವನು ಸೆಟೆದ ಬೆರಳು ತೋರಿಸಿ, ಕೇಳುವವರಿಗೆ ಇದು ಹಿಂಸೆ ಕಣಮ್ಮ, ಕಿವಿ ಇದ್ದವರೇ ಒಮ್ಮೆ ತೀರ್ಪು ಕೊಟ್ಟಾಗಿದೆ ಎಂದ. ಈವೆಟ್ ಟೇಪ್ ರೆಕಾರ್ಡರಿನ ಹಾಡಿಗೆ ಅಪ್ಪನ ಜೊತೆ ಕುಣಿದಳು, ಅಳುತ್ತ ಕುಣಿದಳು. ನಾನು ಅಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಗಲೂ ಹೇಳಲಿಲ್ಲ. ಒಲೀತ್ ಸಾಯುವ ಹಿಂದಿನ ದಿನ ನನ್ನ ಕೈ ಹಿಡಿದು, ಅವನ ಬೆರಳಿಗಾದ ಪೆಟ್ಟಿಗಿಂತ ಹೊಡೆಯದ ಆ ಹಾರ್ನಿನ ಪೆಟ್ಟೇ ದೊಡ್ಡದು ವೆರ್ನಾ ಎಂದಳು. ಅವಳಿಗೂ ಹೇಳಲಿಲ್ಲ. ಎಂಥ ಹೆಂಗಸು ನಾನು.

ಹೋದ ವರ್ಷ, ತೊಂಬತ್ತೆಂಟರ ಅಕ್ಟೋಬರಿನಲ್ಲಿ, ಒಂದು ಸೋಮವಾರ ಅರ್ವಿನ್ ಕೋಲೂರಿಕೊಂಡು ನಮ್ಮ ಮನೆಗೆ ಬಂದ. ಜೊತೆಯಲ್ಲಿ ಮಗಳು ರೋಶೆಲ್. ಈಗ ಬೇಸ್ ಗಿಟಾರ್ ಅವಳದೇ. ಬ್ಯಾಂಡಿಗೆ ನಲವತ್ತು ತುಂಬುವ ಕುಣಿತಕ್ಕೆ ಹಳೆಯ ಸದ್ದು ಬೇಕು, ಇಳಿಸಿದ ಶ್ರುತಿಯ ಪಿಟೀಲು ಬೇಕು ಎಂದು ಅವಳು ಹಟ ಹಿಡಿದಿದ್ದಳು. ಅರ್ವಿನ್ ಕುರ್ಚಿಯಲ್ಲಿ ಕೂತು ಕೋಲನ್ನು ಗೋಡೆಗೆ ಒರಗಿಸಿದ. ಆಮೇಲೆ ಹೇಳಿದ: "ಶನಿವಾರ ಕ್ಷೌರ ಮಾಡಿಸ್ಕೊಂಡು ಲೆಯೊನ್ಸ್ ಮನೆಗೆ ಹೋಗ್ತೀನಿ. ಅವತ್ತು ಹಾರ್ನ್ ಹೊಡೆದ್ರೂ ಯಾಕೆ ಬರ್ಲಿಲ್ಲ ಅಂತ ಕೇಳೇಬಿಡ್ತೀನಿ. ಕಟ್ಟಳೆ ಗಿಟ್ಟಳೆ ಎಲ್ಲ ಸುಡ್ಲಿ, ಇನ್ನೆಷ್ಟು ದಿನ ಬದುಕ್ತೀವಿ."

ಕ್ಲೋವಿಸ್ ಬಿಳಿಚಿಕೊಂಡ. ಶನಿವಾರ ಆ ಇಬ್ಬರು ಮುದುಕರು ಎದುರುಬದುರು ನಿಂತು ಎರಡು ಮಾತಾಡಿದರೆ ಸಾಕು, ಕ್ಲೋವಿಸ್‌ನ ಸುಳ್ಳು ಬಯಲು. ಲೆಯೊನ್ಸನಿಗೆ ಉಳಿದಿದ್ದ ಗೆಳೆಯ ಇವನೊಬ್ಬನೇ. ಇವನಿಗೂ ಅವನೊಬ್ಬನೇ. ಮಂಗಳವಾರ ನಾನು ಊಟಕ್ಕೆ ಉಪ್ಪು ಎರಡು ಸಲ ಹಾಕಿದೆ. ಬುಧವಾರ ಕ್ಲೋವಿಸ್ ಬಸ್ಸನ್ನು ಒಂದು ಮಗುವಿನ ಮನೆ ಮುಂದೆ ನಿಲ್ಲಿಸುವುದನ್ನೇ ಮರೆತು ಅರ್ಧ ಮೈಲಿ ಹೋಗಿ ವಾಪಸ್ ಬಂದನಂತೆ. ಆ ಮಗು ರಸ್ತೆಯಲ್ಲಿ ನಿಂತು ಅಳುತ್ತಿತ್ತಂತೆ. ಆ ರಾತ್ರಿ ಕ್ಲೋವಿಸ್, ಪಟ್ಟಿಯಲ್ಲಿ ಲೆಯೊನ್ಸನ ಹೆಸರಿತ್ತು, ನಾನೇ ಸರಿಯಾಗಿ ನೋಡಲಿಲ್ಲ ಎಂದು ಹೇಳುತ್ತೇನೆ, ನಿನ್ನ ಹೆಸರು ಎತ್ತುವುದೇ ಇಲ್ಲ ಎಂದ. ನನಗೆ ಸಿಟ್ಟೇ ಬಂತು. ಒಂದು ಸುಳ್ಳಿಗೆ ಹತ್ತೊಂಬತ್ತು ವರ್ಷ ಕೂಳು ಹಾಕಿ ಸಾಕಿದ್ದೇವೆ, ಇನ್ನೊಂದನ್ನು ಹಡೆಯಬೇಡ ಎಂದೆ.

ಗುರುವಾರ ಮಧ್ಯಾಹ್ನ ನಾನೊಬ್ಬಳೇ ನಡೆದುಕೊಂಡು ಹೋದೆ. ಕಾಲುವೆ ದಾಟಿದರೆ ಅವನ ಮನೆ, ಹದಿನೈದು ನಿಮಿಷದ ದಾರಿ. ಮೂರು ಸಲ ನಿಂತೆ. ಅವನು ಮನೆಯಲ್ಲಿ ಇಲ್ಲದಿರಲಿ ದೇವರೇ ಎಂದು ಬೇಡಿಕೊಂಡೆ. ಇದ್ದ. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಪೀಕನ್ ಕಾಯಿ ಒಡೆಯುತ್ತಿದ್ದ. ಭಾನುವಾರವಲ್ಲದ ದಿನ ನನ್ನನ್ನು ಕಂಡು ಕ್ಲೋವಿಸ್ ಹುಷಾರಾಗಿದ್ದಾನಾ ಎಂದು ಗಾಬರಿಯಿಂದ ಎದ್ದ. ಕೂತುಕೋ ಎಂದೆ. ನಿಂತೇ ಹೇಳಿದೆ. ಚಳಿ, ಬಾಣಲೆ, ಫೋನು, ಕ್ಯಾಲೆಂಡರು, ಕ್ಲೋವಿಸ್ ಹೇಳಿದ ಸುಳ್ಳು, ಅವನನ್ನು ನಾನು ತಡೆದದ್ದು, ಎಲ್ಲ. ಅವನು ಕೈಯಲ್ಲಿದ್ದ ಕಾಯಿಯನ್ನು ಒಡೆಯಲೂ ಇಲ್ಲ, ಕೆಳಗಿಡಲೂ ಇಲ್ಲ.

ನಾನು ಮುಗಿಸಿದ ಮೇಲೆ ಕೇಳಿದ: "ಅರ್ವಿನ್ ನನ್ನ ಹೆಸರು ಹೇಳಿದ್ನಾ?"

"ಹೇಳಿದ್ದ. ಮೊದಲು ನಿನ್ನ ಹೆಸರೇ ಹೇಳಿದ್ದು."

"ಬೆರಳಿನ ಮಾತೇನಾದ್ರೂ ಆಡಿದ್ನಾ?"

"ಇಲ್ಲ ಲೆಯೊನ್ಸ್. ಯಾವತ್ತೂ ಆಡಲಿಲ್ಲ."

ಅವನು ತಲೆ ತಗ್ಗಿಸಿ ಎಡಗೈಯನ್ನು ಮೇಜಿನ ಮೇಲೆ ಚಾಚಿ ಅದನ್ನೇ ನೋಡುತ್ತ ಕೂತ. "ಹಾಗಾದ್ರೆ ನಾನು ಚೆನ್ನಾಗೇ ನುಡಿಸ್ತಿದ್ದೆ," ಎಂದ. ನನಗಲ್ಲ, ಆ ಕೈಗೆ ಹೇಳಿದ. ಅವನು ಬೈದಿದ್ದರೆ, ಹೊರಗೆ ಹಾಕಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಮುಖ ಮುಚ್ಚಿಕೊಂಡು ಅತ್ತೆ. ಅವನು ಸಮಾಧಾನ ಮಾಡಲಿಲ್ಲ, ಕಾಫಿ ಕೊಡಲೂ ಇಲ್ಲ. ನಾನು ಹೊಸ್ತಿಲು ದಾಟುವಾಗ ಮಾತ್ರ ಬೆನ್ನ ಹಿಂದಿನಿಂದ ಕೇಳಿದ, ನಾಳೆ ವ್ಯಾನು ಎಷ್ಟು ಗಂಟೆಗೆ ಎಂದು. ಆರೂವರೆಗೆ ಎಂದೆ. ನಿಲ್ಲಿಸಿ ಹಾರ್ನ್ ಹೊಡೆಯಲು ಕ್ಲೋವಿಸ್‌ಗೆ ಹೇಳು ಎಂದ.

ಅಂದರೆ ಬರುತ್ತಾನೆ ಎಂದುಕೊಂಡೆವು ನಾವು. ಕ್ಲೋವಿಸ್ ಮುಂದಿನ ಸೀಟನ್ನು ಒರೆಸಿದ, ಪಿಟೀಲಿನ ಪೆಟ್ಟಿಗೆಗೆ ಜಾಗವಾಗಲೆಂದು ಡ್ರಮ್ಸನ್ನೆಲ್ಲ ಒಂದು ಮಗ್ಗುಲಿಗೆ ಸರಿಸಿ ಕಟ್ಟಿದ. ನಾನೂ ಹೊರಟೆ. ಅವನೊಬ್ಬನನ್ನೇ ಕಳಿಸಲು ಧೈರ್ಯವಾಗಲಿಲ್ಲ. ಅಂಚೆಪೆಟ್ಟಿಗೆಯ ಬಳಿ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆದ. ಬಾಗಿಲು ತೆರೆಯಲಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು. ಇನ್ನೊಮ್ಮೆ ಹೊಡಿ ಎಂದೆ. ಮತ್ತೆ ಹೊಡೆಯುವ ಪದ್ಧತಿ ಇಲ್ಲ ಎಂದ ಕ್ಲೋವಿಸ್.

ಬಾಗಿಲು ತೆರೆಯಿತು. ಲೆಯೊನ್ಸ್ ಹೊರಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಗುಂಡಿ ಕತ್ತಿನವರೆಗೆ, ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. ಕೈಯಲ್ಲಿ ಏನೂ ಇರಲಿಲ್ಲ. ಮೆಲ್ಲಗೆ ನಡೆದು ಬಂದು ಕ್ಲೋವಿಸ್‌ನ ಕಿಟಕಿಯ ಅಂಚಿನ ಮೇಲೆ ಕೈಯಿಟ್ಟ. ಉಸಿರು ಸುಧಾರಿಸಿಕೊಂಡ.

"ಅರ್ವಿನ್‌ಗೆ ಹೇಳು," ಎಂದ. "ಲೆಯೊನ್ಸ್ ಗಾಸ್ಪಾರ್ ಇವತ್ತಿಂದ ಬ್ಯಾಂಡ್ ಬಿಟ್ಟ ಅಂತ. ಅವನಾಗೇ ಬಿಟ್ಟ ಅಂತ."

ಕ್ಲೋವಿಸ್ ಹೇಳುತ್ತೇನೆ ಎಂದ. ಅದನ್ನು ಅರ್ವಿನನಿಗೆ ಮುಟ್ಟಿಸಬೇಕಾದರೆ ಉಳಿದದ್ದನ್ನೂ ಹೇಳಲೇಬೇಕು ಎಂದು ಮೂವರಿಗೂ ಗೊತ್ತಿತ್ತು. ಲೆಯೊನ್ಸ್ ಕಿಟಕಿಯ ಒಳಗೆ ಕೈ ಹಾಕಿ ಕ್ಲೋವಿಸ್‌ನ ಭುಜವನ್ನು ಒಮ್ಮೆ ಒತ್ತಿದ, ತಿರುಗಿ ಮನೆಯ ಕಡೆ ನಡೆದ. ನನ್ನ ಕಡೆ ನೋಡಲಿಲ್ಲ. ನೋಡು ಎಂದು ಕರೆಯುವ ಮುಖವೂ ನನಗಿರಲಿಲ್ಲ.